ವರದಿ ಬರೆದವರ ಕಂತು ಏರಿಸುವ ಕಚೇರಿಗೆ

ವಿಮಾ ಸಂಸ್ಥೆಯ ದರ ನಿಗದಿ ವಿಭಾಗದ ಮುಖ್ಯಸ್ಥರ ಗಮನಕ್ಕೆ

ಮಾನ್ಯರೇ,

ಸ್ಕೂಬಾ ಡೈವಿಂಗ್ ಕಲಿಸುವವರ ಹೊಣೆಗಾರಿಕೆ ವಿಮೆಯ ಕಂತನ್ನು ತಾವು ಮತ್ತೆ ಏರಿಸಿದ್ದೀರಿ. ಎರಡು ವರ್ಷದೊಳಗೆ ಇದು ಎರಡನೇ ಸಲ. ಕಳೆದ ಸೋಮವಾರ ಬಂದ ನಿಮ್ಮ ಪತ್ರದಲ್ಲಿ ಹೊಸ ದರದ ಕೆಳಗೇ ‘ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ’ ಎಂಬ ಸಾಲಿತ್ತು. ಅದನ್ನು ಮೂರು ಸಲ ಓದಿದೆ. ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಕೋಪ ಬಂದ ಮೇಲೆ ಬರೆಯೋಣ, ಆಗ ಮಾತಿಗೆ ಮೊನೆ ಇರುತ್ತದೆ ಎಂದು ಆ ಪತ್ರಕ್ಕೂ ಮೊದಲಿನಿಂದ, ನಾಲ್ಕು ತಿಂಗಳಿಂದ ಕಾಯುತ್ತಿದ್ದೇನೆ. ಅದು ಬರುವ ಲಕ್ಷಣ ಕಾಣುತ್ತಿಲ್ಲ. ಆದ್ದರಿಂದ ಇದ್ದ ಹಾಗೇ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಿ ಯಾಕೆ, ನೇರವಾಗಿ ನಮಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ನೇರವಾಗಿ ಎರಡು ಸಲ ಬರೆದಿದ್ದೇನೆ. ಆ ಎರಡು ಬರಹಗಳಿಂದ ಏನಾಯಿತು ಎಂಬುದನ್ನು ಹೇಳುವುದಕ್ಕೇ ಈ ಪತ್ರ.

ಓದುಗರಿಗೆ ಒಂದು ಮಾತು. ಈ ವಿಮೆ ನಮ್ಮ ಜೀವಕ್ಕಲ್ಲ. ನಾವು ಕಲಿಸುವಾಗ ವಿದ್ಯಾರ್ಥಿಗೆ ಏನಾದರೂ ಆದರೆ ಅವರ ಮನೆಯವರಿಗೆ ಪರಿಹಾರ ಸಿಗಲಿ ಎಂದು ಇರುವ ವಿಮೆ. ಅದಿಲ್ಲದೆ ಯಾರಿಗೂ ನೀರಿನಡಿ ಕಲಿಸುವ ಹಾಗಿಲ್ಲ. ಇರಬೇಕಾದದ್ದೇ. ಬೇರೆಯವರ ಮಕ್ಕಳನ್ನು, ಗಂಡಂದಿರನ್ನು, ಅಜ್ಜಿಯರನ್ನು ಕೈಹಿಡಿದು ಹದಿನೆಂಟು ಮೀಟರ್ ಕೆಳಗೆ ಕರೆದುಕೊಂಡು ಹೋಗುವವರು ಹೊಣೆ ಹೊರಬೇಕಾದ್ದು ನ್ಯಾಯ. ಇಪ್ಪತ್ತೊಂದು ವರ್ಷ ಗೊಣಗದೆ ಕಟ್ಟಿದ್ದೇನೆ. ನನ್ನ ಭಾವ ಆ ಕಂತನ್ನು ‘ನಮ್ಮನೆಯ ದೊಡ್ಡ ಮಗ’ ಎಂದು ಕರೆಯುತ್ತಿದ್ದರು. “ವರ್ಷಾ ವರ್ಷಾ ಬೆಳೀತಾನೆ, ಒಂದು ದಿನಕ್ಕೂ ಕೆಲಸಕ್ಕೆ ಬರಲ್ಲ. ಬರದೇ ಇರೋದೇ ಒಳ್ಳೇದು ಬಿಡು” ಎನ್ನುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ದೋಣಿ ಓಡಿಸುವುದು, ಲಂಗರು ಹಾಕುವುದು, ಸಿಲಿಂಡರ್ ಹೊರುವುದು, ನನ್ನ ಜೊತೆ ನೀರಿಗಿಳಿಯುವುದು ಅವರ ಪಾಲಿನ ಕೆಲಸ. ದಾಖಲೆ ಪುಸ್ತಕ ಅಕ್ಕನದು. ಕಲಿಸುವುದು ನನ್ನದು. ಬಂದರಿನ ಕಟ್ಟೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ನಮ್ಮ ಶಾಲೆ. ಮುಂದಿನ ಕೋಣೆಯಲ್ಲಿ ಒಂದು ಮೇಜು, ಎಂಟು ಕುರ್ಚಿ, ಕರಿಹಲಗೆ. ಹಿಂದಿನದರಲ್ಲಿ ಯಾವತ್ತೂ ಪೂರ್ತಿ ಒಣಗದ ರಬ್ಬರ್ ಉಡುಪುಗಳ ಸಾಲು. ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಅನ್ನದ ವಾಸನೆ.

ನನ್ನ ಮೊದಲ ಬರಹಕ್ಕೆ ಬರುತ್ತೇನೆ. ಒಂದೂವರೆ ವರ್ಷದ ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಐವತ್ನಾಲ್ಕು ವರ್ಷದ ಹೆಂಗಸೊಬ್ಬರು ಕಲಿಯಲು ಬಂದರು. ಅವರಿಗೆ ಬಕೆಟ್ಟಿನಲ್ಲಿ ಮುಖ ಮುಳುಗಿಸಲೂ ಭಯ. “ಭಯ ಹೋಗ್ಲಿ ಅಂತ ಬಂದಿಲ್ಲ ಮೇಡಂ, ಭಯ ಇಟ್ಕೊಂಡೇ ಇಳೀಬೇಕು ಅಂತ ಬಂದಿದ್ದೀನಿ” ಎಂದರು. ಇಂಥವರು ನನಗಿಷ್ಟ. ಏಳನೇ ಪಾಠದ ದಿನ, ಹನ್ನೆರಡು ಮೀಟರ್ ಆಳದಲ್ಲಿ ಅವರ ಕಣ್ಣಿನ ಮಾಸ್ಕಿನೊಳಗೆ ನೀರು ನುಗ್ಗಿತು. ಗಾಬರಿಯಲ್ಲಿ ಬಾಯಿಂದ ಉಸಿರುಕೊಳವೆ ಕಿತ್ತು ಹಾಕಿ ಮೇಲಕ್ಕೆ ಚಿಮ್ಮಿದರು. ಹಾಗೆ ಉಸಿರು ಕಟ್ಟಿಕೊಂಡು ಒಮ್ಮೆಲೇ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ನಾನು ಅವರ ಸೊಂಟದ ಪಟ್ಟಿ ಹಿಡಿದುಕೊಂಡೆ, ನನ್ನ ಬಳಿ ಹೆಚ್ಚುವರಿಯಾಗಿ ಇರುವ ಎರಡನೇ ಕೊಳವೆಯನ್ನು ಅವರ ಬಾಯಿಗಿಟ್ಟೆ, ಅವರ ಒದೆಗಳನ್ನು ತಿನ್ನುತ್ತಲೇ ನಿಧಾನವಾಗಿ ಮೇಲೆ ತಂದೆ. ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸಿದೆವು. ಏನೂ ಆಗಿರಲಿಲ್ಲ. ಒಂಬತ್ತು ದಿನ ಬಿಟ್ಟು ಅವರು ವಾಪಸ್ ಬಂದು ಕೋರ್ಸ್ ಮುಗಿಸಿದರು. ನನ್ನ ಮೊಣಕಾಲ ಮೇಲಿನ ನೀಲಿ ಗುರುತು ನೋಡಿ, “ಇದು ನಂದಾ?” ಎಂದು ಕೇಳಿ ನಾಚಿಕೊಂಡರು.

ನಿಮ್ಮ ಪಾಲಿಸಿಯ ನಿಯಮದ ಪ್ರಕಾರ ನಾನು ಘಟನಾ ವರದಿ ಬರೆದೆ. ನಾಲ್ಕು ಪುಟ. ಮಾಸ್ಕಿನ ರಬ್ಬರ್ ಅಂಚು ಅವರ ಮುಖಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ, ಆ ಮಾದರಿಯ ಮಾಸ್ಕ್ ಸಣ್ಣ ಮುಖದವರಿಗೆ ಬೇಡ, ನಾನು ಕೊಡುವ ಮೊದಲೇ ಗಮನಿಸಬೇಕಿತ್ತು ಎಂದೂ ಬರೆದೆ. ಮುಚ್ಚಿಡುವಂಥದ್ದು ಏನಿತ್ತು? ಬೇರೆ ಶಿಕ್ಷಕರು ಇದನ್ನು ಓದಿ ಆ ಮಾಸ್ಕ್ ತೆಗೆದಿಡಲಿ ಎಂಬುದೇ ನನ್ನ ಆಸೆ. ಫಾರಂನ ತಲೆಯಲ್ಲೇ ‘ಸುರಕ್ಷತೆಯನ್ನು ಹೆಚ್ಚಿಸುವ ಸಲುವಾಗಿ’ ಎಂದು ಮುದ್ರಿಸಿದ್ದೀರಿ. ಎರಡು ತಿಂಗಳಲ್ಲಿ ಹೆಚ್ಚಾಯಿತು. ನನ್ನ ಕಂತು ಹೆಚ್ಚಾಯಿತು. ಮೊದಲಿನ ಎರಡೂವರೆ ಪಟ್ಟು.

ತಪ್ಪಾಗಿರಬೇಕು ಎಂದುಕೊಂಡು ನಿಮ್ಮ ಕಚೇರಿಗೆ ಬಂದೆ. ಮೂರನೇ ಮಹಡಿ. ಟೋಕನ್ ತೆಗೆದುಕೊಂಡು, ಒಂದು ಕಾಲು ಕುಂಟುವ ಕುರ್ಚಿಯ ಮೇಲೆ ಎರಡು ಗಂಟೆ ಕೂತೆ. ಕೌಂಟರಿನಲ್ಲಿದ್ದವರು ಒಳ್ಳೆಯ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನನ್ನ ಕಾಗದ ನೋಡಿ ದನಿ ತಗ್ಗಿಸಿದರು.

“ಮೇಡಂ, ತಪ್ಪು ತಿಳೀಬೇಡಿ. ಈ ವರದಿ ಯಾಕೆ ಕೊಟ್ರಿ?”

“ಕೊಡಬೇಕು ಅಂತ ನಿಮ್ಮ ಪಾಲಿಸೀಲೇ ಇದೆಯಲ್ಲ ಸಾರ್.”

“ಇರುತ್ತೆ. ಪಾಲಿಸಿ ಅಂದ್ಮೇಲೆ ಏನೇನೋ ಇರುತ್ತೆ. ಆ ಹೆಂಗಸು ಕೇಸ್ ಹಾಕಿದ್ರಾ?”

“ಇಲ್ಲ. ಅವರು ಮತ್ತೆ ಬಂದು ಕಲಿತು ಹೋದ್ರು.”

“ಮತ್ತೆ? ಸುಮ್ನಿದ್ದಿದ್ರೆ ಆಗ್ತಿತ್ತು.”

“ನಾನು ಬರೆದಿದ್ದನ್ನ ಯಾರಾದರೂ ಓದಿದ್ರಾ ಸಾರ್? ಮಾಸ್ಕಿನ ವಿಷಯ?”

ಅವರು ಪರದೆಯತ್ತ ಬೆರಳು ತೋರಿಸಿದರು. “ಓದೋದು ಅಂತೇನಿಲ್ಲ ಮೇಡಂ. ಕಂಪ್ಯೂಟರಿಗೆ ಹಾಕ್ತೀವಿ. ‘ಘಟನೆ: ಹೌದು’ ಅಂತ. ಆಮೇಲಿನದು ಅದೇ ಲೆಕ್ಕ ಹಾಕುತ್ತೆ.”

ಮಾನ್ಯರೇ, ಇದರ ಹಿಂದಿನ ತರ್ಕವನ್ನು ನಾನು ಅರ್ಥಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದೇನೆ. ಘಟನೆ ನಡೆದ ಕಡೆ ಅಪಾಯ ಹೆಚ್ಚು, ಅಪಾಯ ಹೆಚ್ಚಿದ್ದರೆ ಕಂತು ಹೆಚ್ಚು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ. ಆದರೆ ನಿಮ್ಮ ಕಂಪ್ಯೂಟರಿಗೆ ಗೊತ್ತಾಗುವುದು ನಡೆದ ಘಟನೆಗಳಲ್ಲವಲ್ಲ, ಬರೆದ ಘಟನೆಗಳು ಮಾತ್ರ. ಹಾಗಿದ್ದ ಮೇಲೆ ತಾವು ದರ ಕಟ್ಟುತ್ತಿರುವುದು ಅಪಾಯಕ್ಕೋ, ಪ್ರಾಮಾಣಿಕತೆಗೋ? ನಮ್ಮ ಬಂದರಿನ ಆಚೆ ತುದಿಯಲ್ಲಿ ಒಬ್ಬರು ಒಂದೇ ಸಲಕ್ಕೆ ಹತ್ತು ಜನರನ್ನು ನೀರಿಗಿಳಿಸುತ್ತಾರೆ, ವರ್ಷಕ್ಕೆ ಒಂದು ವರದಿಯನ್ನೂ ಬರೆಯುವುದಿಲ್ಲ. ಅವರಿಗೆ ‘ಘಟನಾರಹಿತ ರಿಯಾಯಿತಿ’ ಕೊಟ್ಟು ಗೋಡೆಗೆ ಹಾಕಿಕೊಳ್ಳಲು ಪ್ರಮಾಣಪತ್ರವನ್ನೂ ಕಳುಹಿಸಿದ್ದೀರಿ. ಚೌಕಟ್ಟು ಚೆನ್ನಾಗಿದೆ, ನೋಡಿ ಬಂದೆ.

ಇಲ್ಲಿಯವರೆಗೆ ಬರೆದದ್ದು ನಿಮ್ಮ ತಪ್ಪು. ಇನ್ನು ಮುಂದಿನದರಲ್ಲಿ ನನ್ನ ಪಾಲೂ ಇದೆ.

ಆ ದಿನ ನಿಮ್ಮ ಕಚೇರಿಯಿಂದ ಹೊರಟು ನೇರವಾಗಿ ಕಟ್ಟೆಗೆ ಹೋದೆ. ಕೆಲಸ ಮುಗಿಸಿ ಉಡುಪು ತೊಳೆಯುತ್ತಿದ್ದ ಐದಾರು ಶಿಕ್ಷಕರಿದ್ದರು. ಹೆಚ್ಚಿನವರು ನನ್ನ ಬಳಿಯೇ ಕಲಿತವರು. ಆಗ ನನಗಿನ್ನೂ ಕೋಪ ಬರುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನನ್ನ ಮಾತು ಕೇಳಿ. ಇನ್ಮೇಲೆ ಯಾರೂ ಏನೂ ಬರೀಬೇಡಿ. ಯಾರಾದರೂ ಸತ್ತರೆ ಬರೀರಿ, ಅಲ್ಲೀವರೆಗೂ ಬಾಯಿ ಮುಚ್ಕೊಂಡಿರಿ.” ಅವರೆಲ್ಲ ನಕ್ಕರು. ಭಾವ ಮಾತ್ರ ನಗದೆ, “ಹಂಗೆಲ್ಲ ಹೇಳಬಾರದು ಕಣಮ್ಮ, ನೀನು ಹೇಳಿದರೆ ಇವರು ಹಂಗೇ ಮಾಡ್ತಾರೆ” ಎಂದರು. ನಾನು ಒಳಗೆ ಹೋದೆ.

ನಾಲ್ಕು ತಿಂಗಳ ಹಿಂದಿನ ಮಾತು. ಬಂದರಿನಲ್ಲಿ ನಮಗೆಲ್ಲ ಸಿಲಿಂಡರಿಗೆ ಗಾಳಿ ತುಂಬಿಸಿಕೊಡುವ ಒಂದೇ ಶೆಡ್ಡಿದೆ. ಡೀಸೆಲ್ ಇಂಜಿನಿನಿಂದ ಓಡುವ ಕಂಪ್ರೆಸರ್. ಸದ್ದು ಜಾಸ್ತಿ ಎಂದು ಅಕ್ಕಪಕ್ಕದವರು ದೂರಿದ್ದರಿಂದ ಶೆಡ್ಡಿನವರು ಅದರ ಸುತ್ತ ತಗಡು ಕಟ್ಟಿಸಿದ್ದರು. ಇಂಜಿನಿನ ಹೊಗೆ ಹೊರಗೆ ಹೋಗುವ ಬದಲು ತಗಡಿಗೆ ಬಡಿದು, ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಬಾಯಿಯ ಕಡೆಗೇ ತಿರುಗುತ್ತಿತ್ತು. ಆ ಹೊಗೆಯಲ್ಲಿರುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೇಲೆ ಉಸಿರಾಡಿದರೆ ತಲೆನೋವು. ಆಳಕ್ಕೆ ಹೋದಷ್ಟೂ ಒತ್ತಡ ಹೆಚ್ಚಿ, ಅದೇ ಗಾಳಿ ಪ್ರಜ್ಞೆ ತಪ್ಪಿಸುತ್ತದೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಅದೊಂದು ಗುರುವಾರ ಬೆಳಿಗ್ಗೆ. ದೋಣಿಯಲ್ಲಿ ನಾಲ್ವರು ವಿದ್ಯಾರ್ಥಿಗಳಿದ್ದರು. ಪಾಠಕ್ಕೆ ಮೊದಲು ಲಂಗರಿನ ಹಗ್ಗ ಬಂಡೆಗೆ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ನೋಡಿ ಬರಲು ಭಾವ ಮತ್ತು ನಾನು ಇಳಿಯುವುದು ವಾಡಿಕೆ. ಭಾವ ಸಿಲಿಂಡರುಗಳನ್ನು ಎತ್ತಿಡುತ್ತಾ, ಹಿಂದಿನ ವಾರ ತುಂಬಿಸಿ ಬಳಸದೆ ಉಳಿದಿದ್ದ ಒಂದು ಅಲ್ಯೂಮಿನಿಯಂ ಸಿಲಿಂಡರನ್ನು ನನ್ನ ಕಡೆ ತಳ್ಳಿದರು. “ನೀನು ಹಗುರದ್ದು ಹಾಕ್ಕೋ. ಸೊಂಟ ನೋವು ಅಂತ ಸಂಜೆ ನಿಮ್ಮಕ್ಕನ ಹತ್ರ ನನ್ನ ಮೇಲೆ ಚಾಡಿ ಹೇಳ್ತೀಯ” ಎಂದರು. ಅವರು ಹಾಕಿಕೊಂಡದ್ದು ಹಿಂದಿನ ದಿನ ತುಂಬಿಸಿದ್ದು. ವಿದ್ಯಾರ್ಥಿಗಳಿಗೆಂದು ಸಾಲಾಗಿ ಇಟ್ಟಿದ್ದ ನಾಲ್ಕೂ ಅಂದೇ ತುಂಬಿಸಿದವು.

ಇಪ್ಪತ್ತೆರಡು ಮೀಟರಿನಲ್ಲಿ ಭಾವ ಹಗ್ಗ ಹಿಡಿದು ನಿಂತಿದ್ದರು. ನಾನು ಬಂಡೆಯ ಕಡೆಯಿಂದ ತಿರುಗಿ ನೋಡಿದಾಗ ಅವರ ಕೈ ಹಗ್ಗ ಬಿಟ್ಟಿತ್ತು. ಕೊಳವೆ ಬಾಯಲ್ಲೇ ಇತ್ತು, ಕಣ್ಣು ತೆರೆದೇ ಇದ್ದವು, ಗುಳ್ಳೆಗಳು ಬರುತ್ತಿದ್ದವು. ‘ಸರಿಯಿದ್ದೀರಾ’ ಎಂದು ಕೈಸನ್ನೆ ಮಾಡಿದೆ. ಜೊತೆಯಾಗಿ ನೀರಿಗಿಳಿದ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಉತ್ತರ ಕೊಡಲಿಲ್ಲ. ಮೇಲೆ ತಂದೆ. ಬ್ಯಾಂಕಿನ ಹೆಂಗಸಿಗೆ ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿದೆ. ದೋಣಿಯಲ್ಲಿ ಎದೆ ಒತ್ತಿದೆ, ಕಟ್ಟೆಯ ಮೇಲೆ ಒತ್ತಿದೆ, ಆಂಬುಲೆನ್ಸಿನವರು ಬಂದು ನನ್ನ ಕೈ ಬಿಡಿಸುವವರೆಗೆ ಒತ್ತಿದೆ. ಅವರ ಮುಖ ಕೆಂಪಗಿತ್ತು, ಬಿಸಿಲಲ್ಲಿ ನಡೆದು ಬಂದ ಆರೋಗ್ಯವಂತರ ಹಾಗೆ. ಅದು ಆ ವಿಷದ ಲಕ್ಷಣ ಎಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದರು. ಅಕ್ಕ, “ಬಣ್ಣ ಇಷ್ಟು ಚೆನ್ನಾಗಿದೆಯಲ್ಲ ಡಾಕ್ಟ್ರೇ” ಎಂದು ಎರಡು ಸಲ ಕೇಳಿದಳು.

ಭಾವ ತೀರಿಕೊಂಡ ಹನ್ನೊಂದನೆಯ ದಿನ ಉದ್ದನೆಯವನು ಬಂದ. ಕಟ್ಟೆಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಆರು ವರ್ಷದ ಮಗಳಿದ್ದಾಳೆ. ನನ್ನ ಬಳಿ ಕಲಿತು, ಈಗ ಸ್ವಂತ ಶಾಲೆ ನಡೆಸುತ್ತಾನೆ. ಹಿಂದಿನ ಕೋಣೆಯ ಬೆಂಚಿನ ತುದಿಯಲ್ಲಿ ಕೂತ.

“ಟೀಚರ್, ಬುಧವಾರ ನನ್ನ ಬ್ಯಾಚಿನ ಇಬ್ಬರಿಗೆ ತಲೆನೋವು ಬಂದಿತ್ತು. ಒಬ್ಬರು ದೋಣೀಲಿ ವಾಂತಿ ಮಾಡ್ಕೊಂಡ್ರು.”

“ಬುಧವಾರ ಅಂದ್ರೆ?”

“ಹಿಂದಿನ ದಿನ. ಅದೇ ಶೆಡ್ಡಿನ ಗಾಳಿ. ನಾವು ಆರು ಮೀಟರ್ ಅಷ್ಟೇ ಹೋಗಿದ್ದು.”

ನಾನು ಕೈಯಲ್ಲಿದ್ದ ಉಡುಪನ್ನು ಕೆಳಗಿಟ್ಟೆ.

“ಬಿಸಿಲಿಗೆ ಆಗಿರಬೇಕು ಅಂದ್ಕೊಂಡೆ.” ಕೂಡಲೇ ತಿದ್ದಿಕೊಂಡ: “ಅಂದ್ಕೊಂಡೆ ಅನ್ನೋದು ಸುಳ್ಳು ಟೀಚರ್. ಅನುಮಾನ ಬಂದಿತ್ತು. ಫಾರಂ ತೆಗೆದು ಮೇಜಿನ ಮೇಲೆ ಇಟ್ಕೊಂಡಿದ್ದೆ. ಬರೆದ್ರೆ ಕಂತು ಏರುತ್ತೆ, ಶೆಡ್ಡಿನವರಿಗೆ ಹೇಳಿದ್ರೆ ಮಾತು ಹೊರಗೆ ಹೋಗುತ್ತೆ, ಆಮೇಲೆ ಯಾಕೆ ಬರೀಲಿಲ್ಲ ಅಂತಾರೆ. ನೀವೇ ಅಂದಿದ್ರಲ್ಲ, ಬರೀಬೇಡಿ ಅಂತ.”

ಅವನು ನನ್ನನ್ನು ದೂರಲಿಲ್ಲ. ಅವನ ದನಿಯಲ್ಲಿ ಆರೋಪ ಇರಲಿಲ್ಲ. ಟೀಚರ್ ಹೇಳಿದ್ದನ್ನು ಮಾಡಿದೆ ಎಂದು ಒಪ್ಪಿಸುವ ಹಾಗಿತ್ತು. ಆ ಕ್ಷಣದಿಂದ ನನಗೆ ಕೋಪ ಬರುವುದು ನಿಂತಿದೆ, ಅಳುವೂ. ಕೈಗೆ ಬಿಸಿ ತಾಗಿದರೂ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ. ಅವನನ್ನು ಕಟ್ಟೆಯವರೆಗೆ ಕಳುಹಿಸಿ ಬಂದು, ಒದ್ದೆ ಉಡುಪುಗಳನ್ನು ಅಳತೆಯ ಪ್ರಕಾರ ಜೋಡಿಸಿದೆ. ಜೋಡಿಸಿದ್ದನ್ನು ತೆಗೆದು ಮತ್ತೆ ಜೋಡಿಸಿದೆ.

ಮಾರನೆಯ ದಿನ ನಿಮ್ಮ ಫಾರಂ ತೆಗೆದುಕೊಂಡು ಕೂತೆ. ಇದು ಎರಡನೆಯ ಬರಹ. ಆರು ಪುಟ ಆಯಿತು. ಗಾಳಿ, ತಗಡು, ಇಂಜಿನ್, ಬುಧವಾರದ ತಲೆನೋವು ಎಲ್ಲ ಬರೆದೆ. ‘ಘಟನೆಗೆ ಕಾರಣ’ ಎಂಬ ಜಾಗದಲ್ಲಿ, ವರದಿ ಬರೆಯಬೇಡಿ ಎಂದು ಕಟ್ಟೆಯಲ್ಲಿ ನಾನೇ ಹೇಳಿದ್ದನ್ನೂ ಬರೆದೆ. ಬರೆದು ಅಕ್ಕನ ಮುಂದಿಟ್ಟೆ. ಅವಳಿಗೆ ಅದು ಗೊತ್ತಾದದ್ದು ಹಾಗೆ, ಫಾರಂ ಓದಿ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಅವಳು ಆರೂ ಪುಟ ಓದಿದಳು. ಓದುವಾಗ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ಒಂದು ಕಡೆ ನಿಂತಿತು, ಮತ್ತೆ ಸರಿಯಿತು.

“ಇದನ್ನೂ ಕಳಿಸ್ತೀಯಾ?”

“ಕಳಿಸಬೇಕಲ್ಲ ಅಕ್ಕ.”

“ಕಳಿಸು ಅಂತಾನೂ ನಾನು ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ನನಗೆ ಈಗ ಏನೂ ಅನ್ನಿಸ್ತಾ ಇಲ್ಲ ಕಣೆ. ಆಮೇಲೆ ಯಾವಾಗಲಾದರೂ ಅನ್ನಿಸಿದರೆ ನಿನಗೆ ಹೇಳ್ತೀನಿ.” ಪೆನ್ನು ತೆಗೆದುಕೊಂಡು ಮೊದಲ ಪುಟದಲ್ಲಿದ್ದ ಭಾವನ ವಯಸ್ಸನ್ನು ಹೊಡೆದು ಹಾಕಿದಳು. “ಐವತ್ತಾರಲ್ಲ, ಐವತ್ತೇಳು. ಹೋದ ತಿಂಗಳು ತುಂಬಿತಲ್ಲ.”

ಉದ್ದನೆಯವನ ಹೆಸರನ್ನು ನಾನು ಬರೆದಿರಲಿಲ್ಲ, ‘ಇನ್ನೊಬ್ಬ ಶಿಕ್ಷಕ’ ಎಂದಷ್ಟೇ ಇತ್ತು. ಅವನಿಗೆ ತೋರಿಸಿದೆ. ಓದಿ, ಕೊನೆಯ ಪುಟದಲ್ಲಿ ನನ್ನ ಸಹಿಯ ಕೆಳಗೆ ತನ್ನ ಹೆಸರು, ಪಾಲಿಸಿ ಸಂಖ್ಯೆ ಬರೆದು ಸಹಿ ಹಾಕಿದ. ಬೇಡ ಎಂದೆ. “ನೀವು ಬರೆದಿದ್ದೀರಲ್ಲ ಟೀಚರ್” ಎಂದ. ಮೊದಲ ಸಲ, ಬರೆಯದೆ ಇದ್ದುದಕ್ಕೂ ಅವನು ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು.

ತಮ್ಮ ಸಂಸ್ಥೆಯಿಂದ ಉತ್ತರಗಳು ಬೇಗ ಬಂದವು, ಆ ವಿಷಯದಲ್ಲಿ ದೂರಿಲ್ಲ. ಭಾವನ ಹೆಸರು ನನ್ನ ಪಾಲಿಸಿಯಲ್ಲಿ ಸಹಶಿಕ್ಷಕರೆಂದು ಇರುವುದರಿಂದ ಅವರು ‘ಹಾನಿಗೊಳಗಾದ ಹೊರಗಿನ ವ್ಯಕ್ತಿ’ ಆಗುವುದಿಲ್ಲ, ಪರಿಹಾರದ ಪ್ರಶ್ನೆ ಬರುವುದಿಲ್ಲ ಎಂದು ಮೊದಲ ಪತ್ರ. ಇರಲಿ. ಪಾಲಿಸಿ ಹಾಗೆಯೇ ಇದೆ, ನಾನು ಓದಿಯೇ ಸಹಿ ಹಾಕಿದ್ದೆ. ಘಟನೆಯನ್ನು ಮರೆಮಾಚಿದ್ದಕ್ಕಾಗಿ ಉದ್ದನೆಯವನ ಪಾಲಿಸಿ ರದ್ದು ಎಂದು ಎರಡನೆಯದು. ಅವನು ಮರೆಮಾಚಿದ್ದು ತಮಗೆ ತಿಳಿದದ್ದು ಹೇಗೆ? ಅವನೇ ಬರೆದುಕೊಟ್ಟಿದ್ದರಿಂದ. ಸುಮ್ಮನಿದ್ದಿದ್ದರೆ ಅವನ ಗೋಡೆಗೂ ಒಂದು ಪ್ರಮಾಣಪತ್ರ ಬರುತ್ತಿತ್ತು. ಈಗ ಅವನು ಮೀನಿನ ಗೋದಾಮಿನಲ್ಲಿ ಮಂಜುಗಡ್ಡೆ ಒಡೆಯುತ್ತಾನೆ. ಮೂರನೆಯ ಪತ್ರ ಕಳೆದ ಸೋಮವಾರದ್ದು: ನಮ್ಮ ಇಡೀ ಬಂದರನ್ನು ‘ಅಧಿಕ ಅಪಾಯದ ವಲಯ’ಕ್ಕೆ ಸೇರಿಸಿ, ಇಲ್ಲಿನ ಹನ್ನೊಂದೂ ಮಂದಿ ಶಿಕ್ಷಕರ ಕಂತನ್ನು ಏರಿಸಲಾಗಿದೆ. ತಗಡು ಬಿಚ್ಚಿಸಿ ಆಗಿದೆ. ಶೆಡ್ಡಿನವರು ಇಂಜಿನ್ ತೆಗೆದು ವಿದ್ಯುತ್ ಮೋಟಾರ್ ಹಾಕಿಸಿದ್ದಾರೆ, ವಾರಕ್ಕೊಮ್ಮೆ ಗಾಳಿ ಪರೀಕ್ಷೆ ಆಗುತ್ತದೆ. ಇವತ್ತು ಈ ಕರಾವಳಿಯಲ್ಲಿ ಅತ್ಯಂತ ಶುದ್ಧ ಗಾಳಿ ಸಿಗುವ ಜಾಗ ಪ್ರಾಯಶಃ ನಮ್ಮದೇ. ನಿಮ್ಮ ಕಂಪ್ಯೂಟರಿಗೆ ಇದನ್ನು ಹೇಳಲು ಫಾರಂನಲ್ಲಿ ಜಾಗವಿಲ್ಲ.

ಹೊಸ ದರ ಕಟ್ಟಲಾಗದೆ ನಾಲ್ವರು ಈಗಾಗಲೇ ಕಲಿಸುವುದನ್ನು ನಿಲ್ಲಿಸಿದ್ದಾರೆ. ಇಬ್ಬರು ಒಂದು ತಂಡಕ್ಕೆ ನಾಲ್ವರ ಬದಲು ಎಂಟು ಜನರನ್ನು ಇಳಿಸಿ ಸರಿದೂಗಿಸುತ್ತೇವೆ ಎನ್ನುತ್ತಿದ್ದಾರೆ. ಎಂಟು ಜನರಲ್ಲಿ ಒಬ್ಬರು ಮೇಲಕ್ಕೆ ಚಿಮ್ಮಿದರೆ ಉಳಿದ ಏಳು ಜನರನ್ನು ಬಿಟ್ಟು ಹೋಗಬೇಕು, ಇಲ್ಲವೇ ಆ ಒಬ್ಬರನ್ನು ಬಿಡಬೇಕು. ಇದು ತಮ್ಮ ಗಮನಕ್ಕೆ ಬಂದಿದೆಯೇ? ಬಂದಿರಲಾರದು. ಯಾರೂ ಬರೆಯುವುದಿಲ್ಲ. ಇವತ್ತು ನಮ್ಮ ಕಟ್ಟೆಯಲ್ಲಿ ಬರೆಯಿರಿ ಎಂದು ಹೇಳುವ ಬಾಯಿ ನನಗಿಲ್ಲ, ಬೇಡ ಎಂದು ಹೇಳುವ ಬಾಯಂತೂ ಮೊದಲೇ ಇಲ್ಲ.

ಕಂತು ಇಳಿಸಿ ಎಂದು ನಾನು ಕೇಳುತ್ತಿಲ್ಲ. ನನ್ನ ಬೇಡಿಕೆ ಇಷ್ಟು. ವರದಿ ತೆಗೆದುಕೊಳ್ಳುವ ಮೇಜನ್ನೂ ದರ ಕಟ್ಟುವ ಮೇಜನ್ನೂ ಬೇರೆ ಮಾಡಿ, ಒಂದರ ಕಾಗದ ಇನ್ನೊಂದಕ್ಕೆ ಹೋಗದ ಹಾಗೆ. ಮೊದಲನೆಯ ಮೇಜಿನಲ್ಲಿ ನೀರಿಗಿಳಿದು ಗೊತ್ತಿರುವ ಒಬ್ಬರನ್ನು ಕೂರಿಸಿ. ಒಂದು ಬಂದರಿನಲ್ಲಿ ತಲೆನೋವು ಬಂದರೆ ಅವತ್ತೇ ಉಳಿದ ಬಂದರುಗಳಿಗೆ ತಿಳಿಯುವ ವ್ಯವಸ್ಥೆ ಮಾಡಿ. ಡೀಸೆಲ್ ಇಂಜಿನಿಗೆ ತಗಡು ಕಟ್ಟಿದ ಶೆಡ್ಡುಗಳು ಬೇರೆ ಕಡೆಯೂ ಇರಬಹುದು, ನನ್ನ ಆರು ಪುಟಗಳ ಪ್ರತಿಯನ್ನು ಅಲ್ಲಿಗೆಲ್ಲ ಕಳುಹಿಸಿ. ಮತ್ತು ಸತ್ಯಕ್ಕೆ ಸಹಿ ಹಾಕಿದ ಆ ಉದ್ದನೆಯವನ ಪಾಲಿಸಿಯನ್ನು ಹಿಂದಿರುಗಿಸಿ. ಅವನಿಗೆ ಶಿಕ್ಷೆಯಾಗಲೇಬೇಕೆಂದರೆ, ಬರೆಯಬೇಡ ಎಂದು ಅವನಿಗೆ ಕಲಿಸಿದವಳು ನಾನು. ನನ್ನ ಪಾಲಿಸಿ ಸಂಖ್ಯೆ ನಿಮ್ಮ ಬಳಿ ಇದೆ.

ನನ್ನ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ನವೀಕರಿಸುವ ಶಕ್ತಿ ನಮಗಿಲ್ಲ. ಮೂವರು ವಿದ್ಯಾರ್ಥಿಗಳ ಪಾಠ ಅರ್ಧದಲ್ಲಿದೆ, ಅದನ್ನು ಮುಗಿಸಿಕೊಡುತ್ತೇನೆ. ದೋಣಿಯನ್ನು ಈಗ ಅಕ್ಕ ಓಡಿಸುತ್ತಾಳೆ. ಅಲ್ಲಿಯವರೆಗೆ ನೀರಿನಲ್ಲಿ ಏನೇ ನಡೆದರೂ, ಒಂದು ಸಣ್ಣ ತಲೆನೋವೇ ಆದರೂ, ಬರೆದು ಕಳುಹಿಸುತ್ತೇನೆ. ದಯವಿಟ್ಟು ಯಾರಾದರೂ ಓದಿ.

ಇಂತಿ,
ಇನ್ನು ಹದಿನೇಳು ದಿನ ವಿಮೆಯಿರುವ
ಒಬ್ಬ ಡೈವಿಂಗ್ ಶಿಕ್ಷಕಿ